ಭಾಜ್ಯ, ಭಾಜಕ ಮತ್ತು ಸಮುದ್ರ: ನೀರಡಿಯ ದತ್ತಾಂಶ ದಾಖಲಕಗಳ ಬ್ಯಾಟರಿ ಲೆಕ್ಕ – ಒಂದು ವಿಮರ್ಶೆ

ಟಾರ್ಚಿನಲ್ಲಿ ಮಂಕಾಗಿ ಉರಿಯತೊಡಗಿದ ಸೆಲ್ಲನ್ನು ಎಸೆಯದೆ ಗೋಡೆ ಗಡಿಯಾರಕ್ಕೆ ಹಾಕುವುದು ನಮ್ಮ ಮನೆಗಳಲ್ಲಿ ಬಹುಕಾಲದ ರೂಢಿ. ಬಲ್ಬಿನ ಟಾರ್ಚಿಗೆ ಕೆಲವು ನೂರು ಮಿಲಿಆಂಪೇರ್ ವಿದ್ಯುತ್ ಪ್ರವಾಹ ಬೇಕು. ಕ್ವಾರ್ಟ್ಸ್ ಗಡಿಯಾರಕ್ಕೆ ಸರಾಸರಿಯಲ್ಲಿ ಒಂದು ಮಿಲಿಆಂಪೇರಿನ ಹತ್ತನೆಯ ಒಂದು ಭಾಗದ ಆಸುಪಾಸು ಸಾಕು. ಟಾರ್ಚಿನ ಪಾಲಿಗೆ ಸತ್ತ ಸೆಲ್ ಗಡಿಯಾರದಲ್ಲಿ ಇನ್ನೂ ತಿಂಗಳುಗಟ್ಟಲೆ ಬದುಕುತ್ತದೆ. ಹಾಗಾದರೆ ಅದರ ಆಯುಸ್ಸು ಮುಗಿದಿತ್ತೇ, ಇಲ್ಲವೇ? ಪ್ರಶ್ನೆಯೇ ಅಪೂರ್ಣ ಎಂಬುದು ಗಡಿಯಾರಕ್ಕೆ ಸೆಲ್ ಹಾಕುವ ಗೃಹಿಣಿಗೆ ಗೊತ್ತು. ನಮ್ಮ ತರಗತಿಗಳ ಲೆಕ್ಕಗಳಿಗೆ ಮಾತ್ರ ಗೊತ್ತಿಲ್ಲ. ಅಲ್ಲಿ 2000 ಮಿಲಿಆಂಪೇರ್-ಗಂಟೆಯ ಕೋಶದಿಂದ 100 ಮಿಲಿಆಂಪೇರ್ ಪ್ರವಾಹ ಪಡೆದರೆ ಎಷ್ಟು ಗಂಟೆ ಎಂದು ಕೇಳುತ್ತೇವೆ. 20 ಎಂದು ಉತ್ತರ ಬಂದರೆ ಪೂರ್ಣ ಅಂಕ ಕೊಡುತ್ತೇವೆ.

ಈ ಭಾಗಾಕಾರ ತರಗತಿಯೊಳಗೆ ಇರುವವರೆಗೆ ಯಾರಿಗೂ ನಷ್ಟವಿಲ್ಲ. ಅದೇ ಭಾಗಾಕಾರವನ್ನು ಹಿಡಿದು ಒಂದು ಉಪಕರಣವನ್ನು ಕಡಲ ತಳಕ್ಕೆ ಇಳಿಸಿದಾಗ ಪರಿಣಾಮ ಬೇರೆಯಾಗುತ್ತದೆ. ನೀರಿನ ತಾಪ, ಲವಣತೆ, ಒತ್ತಡಗಳನ್ನು ನಿಗದಿತ ಅವಧಿಗೊಮ್ಮೆ ಅಳೆದು ತನ್ನ ಸ್ಮೃತಿಯಲ್ಲಿ ಬರೆದಿಟ್ಟುಕೊಳ್ಳುವ ಸಾಧನಗಳಿಗೆ ದತ್ತಾಂಶ ದಾಖಲಕ ಅಥವಾ ಡೇಟಾ ಲಾಗರ್ ಎಂದು ಹೆಸರು. ಟೈಟೇನಿಯಮ್ ಇಲ್ಲವೇ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆಯೊಳಗೆ ಸಂವೇದಕ, ಇಲೆಕ್ಟ್ರಾನಿಕ್ ಮಂಡಲ, ಬ್ಯಾಟರಿ ಎಲ್ಲವನ್ನೂ ಮುಚ್ಚಿ ಲಂಗರಿನ ಹಗ್ಗಕ್ಕೆ ಬಿಗಿದು ಇಳಿಸುತ್ತಾರೆ. ಅಲ್ಲಿ ಬಿಸಿಲಿಲ್ಲ, ಸೌರಫಲಕ ಕೆಲಸ ಮಾಡದು. ಸಾವಿರಾರು ಮೀಟರ್ ಆಳದಲ್ಲಿ ಸೆಲ್ ಬದಲಿಸುವವರೂ ಇಲ್ಲ. ಮರಳಿ ಹಡಗು ಹೋಗುವವರೆಗೆ ಬ್ಯಾಟರಿ ಉಳಿದಿದೆಯೇ ಎಂದು ಕೇಳಿ ತಿಳಿಯುವ ದಾರಿಯೂ ಬಹುಪಾಲು ಇರುವುದಿಲ್ಲ. ಬ್ಯಾಟರಿ ಹದಿನೆಂಟನೆಯ ತಿಂಗಳಲ್ಲಿ ನಿಂತರೆ ಇಪ್ಪತ್ನಾಲ್ಕನೆಯ ತಿಂಗಳಲ್ಲಿ ಉಪಕರಣವನ್ನು ಮೇಲೆತ್ತಿದವರಿಗೆ ಆರು ತಿಂಗಳ ಖಾಲಿ ಜಾಗ ಸಿಗುತ್ತದೆ. ಹೋದ ಮಳೆಗಾಲದ ಸಮುದ್ರವನ್ನು ಈ ವರ್ಷ ಮತ್ತೆ ಅಳೆಯಲಾಗುವುದಿಲ್ಲ.

ಹೀಗಿದ್ದರೂ ಮಾರಾಟದ ವಿವರಪತ್ರಗಳಲ್ಲಿ ‘ಬ್ಯಾಟರಿ ಆಯುಸ್ಸು: 2 ವರ್ಷ’ ಎಂಬಂಥ ಒಂಟಿ ಸಾಲು ಸಾಮಾನ್ಯ. ಯಾವ ತಾಪದಲ್ಲಿ, ಎಷ್ಟು ನಿಮಿಷಕ್ಕೊಂದು ಅಳತೆ, ಯಾವ ವೋಲ್ಟೇಜಿನವರೆಗೆ ಎಂಬ ಷರತ್ತುಗಳು ಒಂದೋ ಇರುವುದಿಲ್ಲ, ಇದ್ದರೆ ಅಡಿಟಿಪ್ಪಣಿಯ ಸಣ್ಣಕ್ಷರದಲ್ಲಿರುತ್ತವೆ. ಈ ಬರಹದಲ್ಲಿ ಅಂಥ ಪತ್ರಗಳನ್ನು ದೂರುವುದಕ್ಕಿಂತ, ಇದೇ ಕೆಲಸವನ್ನು ಹೆಚ್ಚು ಪ್ರಾಮಾಣಿಕವಾಗಿ ಮಾಡಿರುವ ಎರಡು ದಾಖಲೆಗಳನ್ನು ತೆಗೆದುಕೊಂಡು, ಅವು ಎಲ್ಲಿಯವರೆಗೆ ಸರಿ, ಎಲ್ಲಿ ನಿಲ್ಲುತ್ತವೆ ಎಂದು ನೋಡುವುದು ಉಪಯುಕ್ತ. ಒಂದು, ಅಮೆರಿಕದ ಸೀ-ಬರ್ಡ್ ಸಂಸ್ಥೆಯ ‘ಮೈಕ್ರೋಕ್ಯಾಟ್’ ಎಂಬ ತಾಪ-ಲವಣತೆ ದಾಖಲಕದ ಕೈಪಿಡಿ. ಇನ್ನೊಂದು, ಸುನಾಮಿ ಪತ್ತೆಗೆ ಬಳಸುವ ‘ಡಾರ್ಟ್-2’ ವ್ಯವಸ್ಥೆಯ ಬಗ್ಗೆ ಅಮೆರಿಕದ ನೋವಾ ಸಂಸ್ಥೆಯ ಪೆಸಿಫಿಕ್ ಸಾಗರ ಪರಿಸರ ಪ್ರಯೋಗಾಲಯದ ತಂತ್ರಜ್ಞರು 2005ರಲ್ಲಿ ಪ್ರಕಟಿಸಿದ ವಿವರಣೆ.

ಕೈಪಿಡಿ ಮಾಡುವ ಒಂದು ಒಳ್ಳೆಯ ಕೆಲಸ

ಮೈಕ್ರೋಕ್ಯಾಟಿನ ಹಲವು ಮಾದರಿಗಳಲ್ಲಿ ‘ಎಎ’ ಗಾತ್ರದ 12 ಲಿಥಿಯಮ್ ಕೋಶಗಳಿರುತ್ತವೆ. ಫ್ರಾನ್ಸಿನ ಸಾಫ್ಟ್ ಕಂಪನಿ ತಯಾರಿಸುವ ಎಲ್‌ಎಸ್ 14500 ಎಂಬ ಈ ಕೋಶದ ವೋಲ್ಟೇಜ್ 3.6, ಸಾಮರ್ಥ್ಯ 2.6 ಆಂಪೇರ್-ಗಂಟೆ. ಸಾಮರ್ಥ್ಯದ ಲೆಕ್ಕಕ್ಕೆ ಮೂರು ಸಮಾಂತರ ಸಾಲುಗಳನ್ನು ಹಿಡಿದರೆ 2.6 × 3 = 7.8 ಆಂಪೇರ್-ಗಂಟೆ. ತರಗತಿಯ ಲೆಕ್ಕ ಇಲ್ಲಿಂದ ನೇರವಾಗಿ ಭಾಗಾಕಾರಕ್ಕೆ ಇಳಿಯುತ್ತದೆ. ಕೈಪಿಡಿ ಇಳಿಯುವುದಿಲ್ಲ. ಉಪಕರಣ ಪ್ರವಾಹವನ್ನು ಎಳೆಯುವ ರೀತಿಯನ್ನೂ ಪರಿಸರದ ಪರಿಣಾಮವನ್ನೂ ಗಮನದಲ್ಲಿಟ್ಟುಕೊಂಡು, ಯೋಜನೆಗೆ 7.8ರ ಬದಲು 6.0 ಎಂದು ಹಿಡಿಯಿರಿ ಎಂದು ಅದು ಬಳಕೆದಾರರಿಗೆ ಸಲಹೆ ಮಾಡುತ್ತದೆ. ಅಂದರೆ ಸುಮಾರು 23 ಪ್ರತಿಶತ ಕಡಿತ.

ತನ್ನ ಸರಕಿನ ಆಯುಸ್ಸನ್ನು ತಾನೇ ಕಡಿಮೆ ಮಾಡಿ ಹೇಳುವ ತಯಾರಕರು ಅಪರೂಪ. ಇದು ಮೆಚ್ಚತಕ್ಕದ್ದು. ಆದರೆ ವಿಜ್ಞಾನದ ವಿದ್ಯಾರ್ಥಿ ಮುಂದಿನ ಪ್ರಶ್ನೆಯನ್ನು ಕೇಳಲೇಬೇಕು: ಈ 23 ಪ್ರತಿಶತದಲ್ಲಿ ತಾಪದ ಪಾಲೆಷ್ಟು, ಪ್ರವಾಹದ ಪಾಲೆಷ್ಟು, ಕಾಲದ ಪಾಲೆಷ್ಟು? ಒಂದೇ ಕಡಿತವು ಆರು ತಿಂಗಳ ಬಳಕೆಗೂ ಆರು ವರ್ಷದ ಬಳಕೆಗೂ, ಬೆಚ್ಚಗಿನ ಹವಳದ ದಂಡೆಗೂ ಧ್ರುವ ಪ್ರದೇಶಕ್ಕೂ ಹೊಂದುತ್ತದೆಯೇ? ಮೂರು ಕಾರಣಗಳನ್ನು ಒಂದೇ ಸಂಖ್ಯೆಯಲ್ಲಿ ಕಟ್ಟಿಟ್ಟರೆ ಬಳಸುವವರಿಗೆ ಸುರಕ್ಷತೆ ಸಿಗುತ್ತದೆ, ತಿಳಿವಳಿಕೆ ಸಿಗುವುದಿಲ್ಲ.

ಕೋಶದ ಮೂಲ ಸಂಖ್ಯೆಯನ್ನೇ ಗಮನಿಸಿ. 2.6 ಆಂಪೇರ್-ಗಂಟೆ ಎಂಬುದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, 2 ಮಿಲಿಆಂಪೇರ್ ಪ್ರವಾಹ ಎಳೆಯುತ್ತ, ವೋಲ್ಟೇಜ್ 2.0ಕ್ಕೆ ಇಳಿಯುವವರೆಗೆ ದೊರಕುವ ಪ್ರಮಾಣ ಎಂದು ಕೋಶದ ತಯಾರಕರು ಹೇಳುತ್ತಾರೆ. ಮೂರು ಷರತ್ತುಗಳು. ಅವುಗಳಲ್ಲಿ ಒಂದು ಬದಲಾದರೂ ಭಾಜ್ಯವೇ ಬದಲಾಗುತ್ತದೆ. ಪಠ್ಯಪುಸ್ತಕದ ಲೆಕ್ಕದ ನಿಜವಾದ ದೋಷ ಇರುವುದು ಇಲ್ಲಿ. ಅದು ಕೋಶವನ್ನು ನೀರಿನ ತೊಟ್ಟಿಯಂತೆ ಕಾಣುತ್ತದೆ, ನಲ್ಲಿಯನ್ನು ಜೋರಾಗಿ ಬಿಟ್ಟರೂ ನಿಧಾನವಾಗಿ ಬಿಟ್ಟರೂ ತೊಟ್ಟಿಯಲ್ಲಿದ್ದಷ್ಟೇ ನೀರು ಬರುತ್ತದೆ ಎಂದು ಭಾವಿಸುತ್ತದೆ. ಕೋಶ ತೊಟ್ಟಿಯಲ್ಲ, ರಾಸಾಯನಿಕ ಕ್ರಿಯೆ ನಡೆಯುವ ಪಾತ್ರೆ. ಜೋರಾಗಿ ಎಳೆದರೆ ಕ್ರಿಯೆಗೆ ಬೇಕಾದ ಅಯಾನುಗಳು ಸಮಯಕ್ಕೆ ಸರಿಯಾಗಿ ವಿದ್ಯುದ್ವಾರವನ್ನು ಮುಟ್ಟುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ‘ಎಎ’ ಗಾತ್ರದ ಕ್ಷಾರೀಯ ಕೋಶ 25 ಮಿಲಿಆಂಪೇರಿನಲ್ಲಿ ಕೊಡುವ ಒಟ್ಟು ವಿದ್ಯುದಂಶಕ್ಕೆ ಹೋಲಿಸಿದರೆ 500 ಮಿಲಿಆಂಪೇರಿನಲ್ಲಿ ಕೊಡುವುದು ಅದರ ಅರ್ಧದಷ್ಟು ಮಾತ್ರ.

ಒಂದು ಕಾಲ್ಪನಿಕ ದಾಖಲಕ

ಲೆಕ್ಕವನ್ನು ಕೈಯಾರೆ ಮಾಡಿ ನೋಡೋಣ. ಅಳತೆಗೊಮ್ಮೆ 3 ಸೆಕೆಂಡು ಎಚ್ಚರಗೊಂಡು 60 ಮಿಲಿಆಂಪೇರ್ ಎಳೆಯುವ, ಉಳಿದ ಕಾಲ ನಿದ್ರಾಸ್ಥಿತಿಯಲ್ಲಿ 0.05 ಮಿಲಿಆಂಪೇರ್ ಎಳೆಯುವ ಒಂದು ದಾಖಲಕ ಇದೆ ಎಂದಿಟ್ಟುಕೊಳ್ಳೋಣ. ಒಂದು ಅಳತೆಗೆ 180 ಮಿಲಿಆಂಪೇರ್-ಸೆಕೆಂಡು, ಅಂದರೆ 0.05 ಮಿಲಿಆಂಪೇರ್-ಗಂಟೆ ಖರ್ಚು. ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ 144 ಅಳತೆ, ಅದಕ್ಕೆ 7.2 ಮಿಲಿಆಂಪೇರ್-ಗಂಟೆ. ನಿದ್ರೆಗೆ 24 ಗಂಟೆಯಲ್ಲಿ 1.2. ಒಟ್ಟು 8.4. ಬ್ಯಾಟರಿ 7800 ಮಿಲಿಆಂಪೇರ್-ಗಂಟೆಯದು ಎಂದರೆ 928 ದಿನ, ಎರಡೂವರೆ ವರ್ಷ. 6000 ಎಂದು ಹಿಡಿದರೆ 714 ದಿನ, ಎರಡು ವರ್ಷಕ್ಕೆ ಹದಿನಾರು ದಿನ ಕಡಿಮೆ. ಎರಡು ವರ್ಷದ ಯೋಜನೆಗೆ ಒಂದು ಲೆಕ್ಕ ಧಾರಾಳ, ಇನ್ನೊಂದು ಸಾಲದು.

ಈಗ ಅಳತೆಯನ್ನು ಗಂಟೆಗೊಂದಕ್ಕೆ ಇಳಿಸೋಣ. ಅಳತೆಗಳು ಆರನೆಯ ಒಂದಕ್ಕೆ ಇಳಿದವು, ಆದ್ದರಿಂದ ಆಯುಸ್ಸು ಆರು ಪಟ್ಟು ಆಗಬೇಕು ಎಂದು ವಿದ್ಯಾರ್ಥಿ ಹೇಳಬಹುದು. ಆಗುವುದಿಲ್ಲ. ಅಳತೆಯ ಖರ್ಚು 1.2ಕ್ಕೆ ಇಳಿಯಿತು ನಿಜ, ನಿದ್ರೆಯ ಖರ್ಚು 1.2 ಹಾಗೆಯೇ ಉಳಿಯಿತು. ದಿನದ ಒಟ್ಟು 2.4, ಆಯುಸ್ಸು 2500 ದಿನ. ಹಿಂದಿನದರ ಮೂರೂವರೆ ಪಟ್ಟು ಮಾತ್ರ. ಅಳತೆಯನ್ನು ಇನ್ನೂ ವಿರಳ ಮಾಡುತ್ತ ಹೋದರೆ ಕೊನೆಗೆ ಏನನ್ನೂ ಅಳೆಯದ ದಾಖಲಕವೂ 5000 ದಿನಕ್ಕೆ, ಅಂದರೆ ಹದಿನಾಲ್ಕು ವರ್ಷದ ಒಳಗೆ ಬ್ಯಾಟರಿಯನ್ನು ಬರಿದು ಮಾಡುತ್ತದೆ. ವಿವರಪತ್ರಗಳು ದಪ್ಪಕ್ಷರದಲ್ಲಿ ಕೊಡುವುದು ಅಳತೆಯ ಪ್ರವಾಹವನ್ನು. ದೀರ್ಘಕಾಲದ ಬಳಕೆಯಲ್ಲಿ ಆಯುಸ್ಸನ್ನು ನಿರ್ಧರಿಸುವುದು ನಿದ್ರೆಯ ಪ್ರವಾಹ.

ನಿದ್ರೆಯ ಪ್ರವಾಹ ಎಷ್ಟು ಸಣ್ಣದೋ ಅಷ್ಟು ಸುಲಭವಾಗಿ ಕೆಡುವಂಥದ್ದು. ಕೊಳವೆಯನ್ನು ಮುಚ್ಚುವಾಗ ಒಳಗುಳಿದ ತೇವ ತಣ್ಣನೆಯ ನೀರಿನಲ್ಲಿ ಮಂಡಲ ಫಲಕದ ಮೇಲೆ ಹನಿಯಾಗಿ ಕುಳಿತು, ಇನ್ನೊಂದು 0.05 ಮಿಲಿಆಂಪೇರ್ ಸೋರಿಕೆಗೆ ದಾರಿ ಮಾಡಿತು ಎನ್ನೋಣ. ಹತ್ತು ನಿಮಿಷದ ಅವಧಿಯಲ್ಲಿ ದಿನದ ಖರ್ಚು 8.4ರಿಂದ 9.6ಕ್ಕೆ ಏರಿ, 714 ದಿನ 625ಕ್ಕೆ ಇಳಿಯುತ್ತದೆ. ಗಂಟೆಯ ಅವಧಿಯಲ್ಲಿ 2500 ದಿನ 1667ಕ್ಕೆ ಕುಸಿಯುತ್ತದೆ. ಮಿತವ್ಯಯಿ ದಾಖಲಕಕ್ಕೇ ಸೋರಿಕೆಯ ಹೊಡೆತ ಹೆಚ್ಚು. ಮೈಕ್ರೋ ಆಂಪೇರುಗಳನ್ನು ತೋರಿಸುವ ಮಾಪಕದಿಂದ, ಉಪಕರಣವನ್ನು ತಣ್ಣಗಿಟ್ಟು, ನಿದ್ರೆಯ ಪ್ರವಾಹವನ್ನು ಇಳಿಸುವ ಮುನ್ನ ಒಮ್ಮೆ ಅಳೆದರೆ ಇದು ಗೊತ್ತಾಗುತ್ತದೆ. ನನಗೆ ತಿಳಿದಂತೆ ಇದಕ್ಕಿಂತ ಅಗ್ಗದ ವಿಮೆ ಇಲ್ಲ.

ಸರಾಸರಿ ಮುಚ್ಚಿಡುವುದು

ಸರಾಸರಿ ಪ್ರವಾಹದ ಮಾತಿನಲ್ಲಿ ಇನ್ನೊಂದು ವಿಷಯ ಮರೆಯಾಗುತ್ತದೆ. ನಮ್ಮ ದಾಖಲಕದ ಸರಾಸರಿ ಪ್ರವಾಹ 8.4 ÷ 24 = 0.35 ಮಿಲಿಆಂಪೇರ್. ಆದರೆ ದಾಖಲಕ ಯಾವ ಕ್ಷಣದಲ್ಲೂ 0.35 ಎಳೆಯುವುದಿಲ್ಲ, ಒಂದೋ 0.05, ಇಲ್ಲವೇ 60. ಬ್ಯಾಟರಿಯ ಕಷ್ಟವೆಲ್ಲ ಆ 60ರ ಮೂರು ಸೆಕೆಂಡಿನಲ್ಲಿದೆ.

ಪ್ರತಿಯೊಂದು ಕೋಶಕ್ಕೂ ಆಂತರಿಕ ರೋಧ ಇದೆ. ಪ್ರವಾಹ ಹರಿದಾಗ ಓಮನ ನಿಯಮದಂತೆ ಆ ರೋಧದಲ್ಲಿ ವೋಲ್ಟೇಜಿನ ಒಂದು ಪಾಲು ಕಳೆದುಹೋಗುತ್ತದೆ. ಸರಣಿಯಲ್ಲಿ ಜೋಡಿಸಿದ 6 ಕ್ಷಾರೀಯ ಕೋಶಗಳ ಬ್ಯಾಟರಿಯೊಂದು ಬಳಕೆಯ ಕೊನೆಯ ಹಂತದಲ್ಲಿ, ತಣ್ಣನೆಯ ನೀರಿನಲ್ಲಿದೆ ಎಂದಿಟ್ಟುಕೊಳ್ಳಿ. ಕೋಶವೊಂದಕ್ಕೆ 1.2 ವೋಲ್ಟ್‌ನಂತೆ ಒಟ್ಟು 7.2, ಕೋಶವೊಂದಕ್ಕೆ 0.8 ಓಮ್‌ನಂತೆ ಒಟ್ಟು ರೋಧ 4.8 ಓಮ್. ಉಪಕರಣಕ್ಕೆ ಕನಿಷ್ಠ 6.5 ವೋಲ್ಟ್ ಬೇಕು. 60 ಮಿಲಿಆಂಪೇರ್ ಎಳೆದರೆ ನಷ್ಟ 0.29 ವೋಲ್ಟ್, ಉಳಿಯುವುದು 6.91. ಕೆಲಸ ನಡೆಯುತ್ತದೆ. ಅದೇ ಉಪಕರಣದಲ್ಲಿ ನೀರೆಳೆಯುವ ಪುಟ್ಟ ಪಂಪೊಂದು ಚಾಲೂ ಆಗಿ ಪ್ರವಾಹ 200 ಮಿಲಿಆಂಪೇರಿಗೆ ಏರಿತು ಎಂದರೆ ನಷ್ಟ 0.96, ಉಳಿಯುವುದು 6.24. ಉಪಕರಣ ಆರಿಹೋಗುತ್ತದೆ. ಬ್ಯಾಟರಿಯಲ್ಲಿ ವಿದ್ಯುದಂಶ ಇನ್ನೂ ಉಳಿದಿರುವಾಗಲೇ ದಾಖಲೆ ನಿಂತಿತು. ಟಾರ್ಚಿಗೆ ಆಗದ ಸೆಲ್ ಗಡಿಯಾರಕ್ಕೆ ಆಗುವುದು ಇದೇ ಕಾರಣದಿಂದ.

ಇಲ್ಲಿ ಚಳಿಯ ಬಗ್ಗೆ ಒಂದು ಮಾತು. ‘ತಣ್ಣನೆಯ ನೀರಿನಲ್ಲಿ ಬ್ಯಾಟರಿ ಬೇಗ ಮುಗಿಯುತ್ತದೆ’ ಎಂಬ ಸೂತ್ರ ಬಹುತೇಕ ಬರಹಗಳಲ್ಲಿ ಸಿಗುತ್ತದೆ. ಅದು ಅರ್ಧಸತ್ಯ. ತಾಪ ಇಳಿದಂತೆ ವಿದ್ಯುದ್ವಿಚ್ಛೇದ್ಯದಲ್ಲಿ ಅಯಾನುಗಳ ಚಲನೆ ಮಂದವಾಗಿ ಆಂತರಿಕ ರೋಧ ಏರುತ್ತದೆ. ಆದ್ದರಿಂದ ದೊಡ್ಡ ಪ್ರವಾಹ ಎಳೆಯುವ ಉಪಕರಣಕ್ಕೆ ಚಳಿ ಶತ್ರು. ಆದರೆ ಕೋಶ ತನ್ನೊಳಗೇ ಸವೆಯುವ ಸ್ವಯಂ ವಿಸರ್ಜನೆಯೂ ರಾಸಾಯನಿಕ ಕ್ರಿಯೆಯೇ. ಚಳಿಯಲ್ಲಿ ಅದೂ ಮಂದವಾಗುತ್ತದೆ. ಅತಿ ಸಣ್ಣ ಪ್ರವಾಹವನ್ನು ವರ್ಷಗಟ್ಟಲೆ ಎಳೆಯುವ ದಾಖಲಕಕ್ಕೆ 2 ಡಿಗ್ರಿಯ ಆಳನೀರು ಒಂದು ರೀತಿಯ ಶೀತಕಪಾಟು. ಅಂಥ ಉಪಕರಣ ಇಳಿಯುವ ಮೊದಲು ಬಂದರಿನ ಉಗ್ರಾಣದಲ್ಲಿ, ಹಡಗಿನ ಬಿಸಿ ಅಟ್ಟದ ಮೇಲೆ ಕಳೆಯುವ ವಾರಗಳೇ ಅದಕ್ಕೆ ಹೆಚ್ಚು ಕೇಡು ಮಾಡಬಹುದು. ಚಳಿಗೆ ಒಂದು ಸ್ಥಿರ ಗುಣಾಂಕವನ್ನು ಕೊಡುವ ಯಾವ ಕೋಷ್ಟಕವನ್ನೂ, ಪ್ರವಾಹ ಎಷ್ಟು ಎಂದು ಕೇಳದೆ ನಂಬಬಾರದು.

ಲಿಥಿಯಮ್-ಥಯೊನಿಲ್ ಕ್ಲೋರೈಡ್ ಕೋಶಕ್ಕೆ ಮತ್ತೊಂದು ವಿಚಿತ್ರ ಗುಣವಿದೆ. ಎಲ್‌ಎಸ್ 14500 ಇದೇ ಜಾತಿಯದು. ಬಳಕೆಯಿಲ್ಲದಾಗ ಲಿಥಿಯಮಿನ ಮೇಲೆ ಲಿಥಿಯಮ್ ಕ್ಲೋರೈಡಿನ ತೆಳುಪೊರೆ ಬೆಳೆಯುತ್ತದೆ. ಈ ಪೊರೆಯೇ ಲೋಹವನ್ನು ಕಾಯುತ್ತದೆ. ಕೋಶ ಕೋಣೆಯ ತಾಪದಲ್ಲಿ ವರ್ಷಕ್ಕೆ ಸುಮಾರು ಒಂದು ಪ್ರತಿಶತದಷ್ಟೇ ಸವೆಯುವುದು ಅದರ ಕೃಪೆಯಿಂದ. ಬಹುಕಾಲದ ನಿದ್ರೆಯ ಬಳಿಕ ಒಮ್ಮೆಲೇ ದೊಡ್ಡ ಪ್ರವಾಹ ಕೇಳಿದರೆ ಅದೇ ಪೊರೆ ಅಡ್ಡ ಬರುತ್ತದೆ. ಪೊರೆ ಒಡೆಯುವವರೆಗೆ ವೋಲ್ಟೇಜ್ ಕುಸಿದಿರುತ್ತದೆ, ಆಮೇಲೆ ಚೇತರಿಸಿಕೊಳ್ಳುತ್ತದೆ. ವಿರಳವಾಗಿ ಅಳೆದು ಬ್ಯಾಟರಿ ಉಳಿಸೋಣ ಎಂದು ಹೊರಟವರಿಗೆ ಇದು ಎದುರಾಗುವ ತೊಡಕು. ಭಾಗಾಕಾರದ ಪ್ರಕಾರ ಅತ್ಯಂತ ದೀರ್ಘಾಯುವಾದ ದಾಖಲಕವೇ ಮೊದಲ ದೊಡ್ಡ ಎಳೆತಕ್ಕೆ ಮುಗ್ಗರಿಸಬಹುದು.

ಎಷ್ಟು ಸುನಾಮಿ ಬರುತ್ತವೆ?

ಈವರೆಗಿನ ತಕರಾರುಗಳೆಲ್ಲ ಭಾಜ್ಯದ ಕುರಿತು. ಡಾರ್ಟ್-2ರ ದಾಖಲೆ ಭಾಜಕದ ಕಡೆಗೆ ಬೆರಳು ತೋರಿಸುತ್ತದೆ, ಅದಕ್ಕೇ ಅದು ಹೆಚ್ಚು ಬೆಲೆಯುಳ್ಳದ್ದು.

ಡಾರ್ಟ್ ವ್ಯವಸ್ಥೆಯಲ್ಲಿ ಎರಡು ಭಾಗ. ಸುಮಾರು 6000 ಮೀಟರ್ ಆಳದವರೆಗಿನ ಸಾಗರ ತಳದಲ್ಲಿ ಕುಳಿತು ನೀರಿನ ಒತ್ತಡವನ್ನು ಪ್ರತಿ 15 ಸೆಕೆಂಡಿಗೆ ಅಳೆಯುವ ದಾಖಲಕ ಒಂದು. ಅದು ಧ್ವನಿ ಸಂಕೇತಗಳ ಮೂಲಕ ಮೇಲೆ ಕಳುಹಿಸಿದ್ದನ್ನು ಉಪಗ್ರಹಕ್ಕೆ ದಾಟಿಸುವ ತೇಲುಬುರುಡೆ ಇನ್ನೊಂದು. ಎಲ್ಲ ಶಾಂತವಾಗಿದ್ದಾಗ 15 ನಿಮಿಷಕ್ಕೊಂದು ಬೆಲೆಯಂತೆ ಆರು ಗಂಟೆಗೊಮ್ಮೆ ವರದಿ. ಅಳೆದ ಒತ್ತಡ, ಉಬ್ಬರವಿಳಿತದ ಲೆಕ್ಕದಿಂದ ನಿರೀಕ್ಷಿಸಿದ ಒತ್ತಡಕ್ಕಿಂತ ಮಿತಿಮೀರಿ ವ್ಯತ್ಯಾಸವಾದರೆ ಸಾಧನ ‘ಘಟನೆ’ ಸ್ಥಿತಿಗೆ ಜಿಗಿಯುತ್ತದೆ. ಉತ್ತರ ಪೆಸಿಫಿಕ್‌ನಲ್ಲಿ ಈ ಮಿತಿ ನೀರಿನ ಎತ್ತರದ ಲೆಕ್ಕದಲ್ಲಿ ಕೇವಲ 30 ಮಿಲಿಮೀಟರ್. ಆಗ ಗಂಟೆಗಟ್ಟಲೆ ಮೇಲಿಂದ ಮೇಲೆ ದತ್ತಾಂಶ ಕಳುಹಿಸುತ್ತದೆ. ದಡದಲ್ಲಿರುವ ಎಚ್ಚರಿಕೆ ಕೇಂದ್ರವೂ ಅದನ್ನು ಆಜ್ಞೆ ಕೊಟ್ಟು ಈ ಸ್ಥಿತಿಗೆ ತರಬಹುದು.

ತಳದ ಗಣಕ ಮತ್ತು ಒತ್ತಡ ಮಾಪಕಕ್ಕೆ 1560 ವಾಟ್-ಗಂಟೆಯ ಕ್ಷಾರೀಯ ಬ್ಯಾಟರಿ, ಧ್ವನಿ ಮೋಡೆಮ್‌ಗೆ 2000 ವಾಟ್-ಗಂಟೆಗೂ ಮೀರಿದ ಬ್ಯಾಟರಿ ಎಂದು 2005ರ ವಿವರಣೆ ತಿಳಿಸುತ್ತದೆ. ವಿನ್ಯಾಸದ ಗುರಿ ನಾಲ್ಕು ವರ್ಷ. 1560 ವಾಟ್-ಗಂಟೆಯನ್ನು ನಾಲ್ಕು ವರ್ಷದ 35,064 ಗಂಟೆಗಳಿಂದ ಭಾಗಿಸಿದರೆ 44 ಮಿಲಿವಾಟ್ ಚಿಲ್ಲರೆ ಬರುತ್ತದೆ. ಇಸ್ತ್ರಿಪೆಟ್ಟಿಗೆಯ ಮೇಲೆ ಮಿನುಗುವ ಒಂದು ಸಣ್ಣ ಎಲ್‌ಇಡಿಯ ಖರ್ಚು ಇಷ್ಟು. ಒಂದು ಎಲ್‌ಇಡಿಯ ಶಕ್ತಿಯಲ್ಲಿ ಸಾಗರದ ತಳದಿಂದ ಸುನಾಮಿಯನ್ನು ಕಾಯುವ ಈ ಎಂಜಿನಿಯರಿಂಗ್‌ಗೆ ತಲೆಬಾಗಬೇಕು. ದಾಖಲೆ ಆಂಪೇರ್-ಗಂಟೆಯ ಬದಲು ವಾಟ್-ಗಂಟೆ ಬಳಸಿರುವುದೂ ಸರಿಯಾದ ಆಯ್ಕೆ. ಇಂದಿನ ಮಂಡಲಗಳು ವೋಲ್ಟೇಜ್ ನಿಯಂತ್ರಕದ ಮೂಲಕ ಸ್ಥಿರ ಶಕ್ತಿಯನ್ನು ಎಳೆಯುವುದೇ ಹೆಚ್ಚು. 44 ಮಿಲಿವಾಟ್‌ಗೆ 9 ವೋಲ್ಟ್‌ನಲ್ಲಿ 4.9 ಮಿಲಿಆಂಪೇರ್ ಸಾಕು, ಬ್ಯಾಟರಿ 6 ವೋಲ್ಟ್‌ಗೆ ಇಳಿದಾಗ 7.3 ಬೇಕು. ವಯಸ್ಸಾದ ಬ್ಯಾಟರಿಯ ಮೇಲೆಯೇ ಹೊರೆ ಹೆಚ್ಚುತ್ತದೆ. ಆಂಪೇರ್-ಗಂಟೆಯ ಭಾಗಾಕಾರ ಇದನ್ನು ಕಾಣುವುದಿಲ್ಲ.

ಆದರೆ ಆ ದಾಖಲೆಯ ಮುಖ್ಯ ಮಾತು ಬೇರೆ. ನಾಲ್ಕು ವರ್ಷ ಎಂಬುದು ಎಷ್ಟು ‘ಘಟನೆಗಳು’ ಸಂಭವಿಸಬಹುದು ಎಂಬ ಊಹೆಯನ್ನು ಅವಲಂಬಿಸಿದೆ, ಆದ್ದರಿಂದ ಬ್ಯಾಟರಿಯ ಮೇಲೆ ನಿಗಾ ಇಡಬೇಕು ಎಂದು ಅದು ಒಪ್ಪಿಕೊಳ್ಳುತ್ತದೆ. ನಾನು ಓದಿದ ಬ್ಯಾಟರಿ ಲೆಕ್ಕಗಳಲ್ಲಿ ಇದಕ್ಕಿಂತ ನೇರವಾದ ವಾಕ್ಯ ಇನ್ನೊಂದಿಲ್ಲ. ಬ್ಯಾಟರಿಯ ಆಯುಸ್ಸು ಕೋಶದ ಗುಣವಲ್ಲ, ಸಮುದ್ರದ ಬಗ್ಗೆ ಮಾಡಿದ ಒಂದು ಭವಿಷ್ಯವಾಣಿ ಎಂದೇ ಅದರ ಅರ್ಥ. ಕೊರತೆ ಎಂದರೆ, ಎಷ್ಟು ಘಟನೆಗಳೆಂದು ಊಹಿಸಲಾಗಿದೆ ಎಂಬ ಸಂಖ್ಯೆ ಆ ವಾಕ್ಯದಲ್ಲಿ ಇಲ್ಲ.

ಸಂಖ್ಯೆ ಯಾಕೆ ಬೇಕು? ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. 2000 ವಾಟ್-ಗಂಟೆಯ ಮೋಡೆಮ್ ಬ್ಯಾಟರಿಯಿಂದ ಶಾಂತ ದಿನವೊಂದಕ್ಕೆ 1 ವಾಟ್-ಗಂಟೆ, ಘಟನೆಯೊಂದಕ್ಕೆ 10 ವಾಟ್-ಗಂಟೆ ಖರ್ಚಾಗುತ್ತದೆ ಎನ್ನಿ. ವರ್ಷಕ್ಕೆ 13 ಅಥವಾ 14 ಘಟನೆಗಳಾದರೆ ವಾರ್ಷಿಕ ಖರ್ಚು ಸರಿಸುಮಾರು 365 + 135 = 500; ಆಯುಸ್ಸು ನಾಲ್ಕು ವರ್ಷ. ಘಟನೆಗಳು ಇಮ್ಮಡಿಯಾದರೆ 365 + 270 = 635; ಆಯುಸ್ಸು ಮೂರು ವರ್ಷ ಎರಡು ತಿಂಗಳು. ಘಟನೆಗಳೇನೂ ವರ್ಷಕ್ಕಿಷ್ಟು ಎಂದು ಸಮನಾಗಿ ಹಂಚಿಕೊಂಡು ಬರುವುದಿಲ್ಲ. 2011ರ ಮಾರ್ಚ್ 11ರಂದು ಜಪಾನಿನ ತೋಹೊಕು ಕರಾವಳಿಯಾಚೆ ಸಂಭವಿಸಿದಂಥ ಮಹಾಭೂಕಂಪದ ಹಿಂದೆಯೇ ಪ್ರಬಲ ಮರುಕಂಪನಗಳ ಸಾಲೇ ಬರುತ್ತದೆ. ಸುನಾಮಿ ಇರಲಿ, ತಳವನ್ನು ಅಲುಗಿಸುವ ಭೂಕಂಪದ ಅಲೆಗಳೂ ಹತ್ತಿರದ ಒತ್ತಡ ಮಾಪಕವನ್ನು ‘ಘಟನೆ’ ಸ್ಥಿತಿಗೆ ತರಬಲ್ಲವು.

ಬ್ಯಾಟರಿ ಯಾವಾಗ ಸಾಯುತ್ತದೆ?

ಇಲ್ಲಿಯೇ, ನನ್ನ ದೃಷ್ಟಿಯಲ್ಲಿ, ಈ ಇಡೀ ಲೆಕ್ಕಾಚಾರದ ದೊಡ್ಡ ಲೋಪ ಕಾಣುತ್ತದೆ. ಅಂದಾಜಿನಲ್ಲಿ ಕೆಲವು ತಿಂಗಳ ತಪ್ಪು ಬರುವುದು ಸಹಜ, ಅದನ್ನು ಸಹಿಸಬಹುದು. ಆದರೆ ಬ್ಯಾಟರಿ ಯಾವುದೋ ಒಂದು ಸಾಮಾನ್ಯ ದಿನ ಸಾಯುತ್ತದೆ ಎಂದು ನಾವು ಮೌನವಾಗಿ ಭಾವಿಸಿರುತ್ತೇವೆ. ಅದು ಹಾಗೆ ಸಾಯುವುದಿಲ್ಲ. ಅತಿ ಹೆಚ್ಚು ಪ್ರವಾಹ ಕೇಳುವ ಗಳಿಗೆಯಲ್ಲಿ ಸಾಯುತ್ತದೆ. ಸುನಾಮಿ ಮಾಪಕಕ್ಕೆ ಆ ಗಳಿಗೆ ಸುನಾಮಿಯದು. ಬದಲಾವಣೆ ಕಂಡಾಗ ಅಳತೆಯ ವೇಗ ಹೆಚ್ಚಿಸಿಕೊಳ್ಳುವಂತೆ ಹೊಂದಿಸಿದ ದಾಖಲಕಕ್ಕೆ ಆ ಗಳಿಗೆ ಚಂಡಮಾರುತದ್ದು. ಸಂವೇದಕದ ಗಾಜನ್ನು ಒರೆಸುವ ಪುಟ್ಟ ಮೋಟಾರಿರುವ ಉಪಕರಣಕ್ಕೆ, ಪಾಚಿಯೂ ಬಾರ್ನಕಲ್ ಚಿಪ್ಪುಜೀವಿಗಳೂ ಹುಲುಸಾಗಿ ಬೆಳೆದು ಒರೆಸುಗವನ್ನು ತಡೆಯುವ ಕಾಲ. ಅಂದರೆ ನಷ್ಟವಾಗುವ ದತ್ತಾಂಶ ಯಾದೃಚ್ಛಿಕವಲ್ಲ. ಶಾಂತ ಸಮುದ್ರದ ದಾಖಲೆ ಉಳಿದು, ಪ್ರಕ್ಷುಬ್ಧ ಸಮುದ್ರದ ದಾಖಲೆ ಕಡಿಯುತ್ತದೆ. ಹತ್ತಾರು ಉಪಕರಣಗಳಲ್ಲಿ ಹೀಗಾದರೆ ಸರಾಸರಿ ಸಮುದ್ರ ನಿಜಕ್ಕಿಂತ ಶಾಂತವಾಗಿ ಕಾಣತೊಡಗುತ್ತದೆ. ಖಾಲಿ ಜಾಗವನ್ನು ಹಿಂದುಮುಂದಿನ ಬೆಲೆಗಳಿಂದ ತುಂಬುವ ಸಂಖ್ಯಾಶಾಸ್ತ್ರದ ವಿಧಾನಗಳಲ್ಲಿ ಹೆಚ್ಚಿನವು ನಷ್ಟ ಯಾದೃಚ್ಛಿಕ ಎಂದೇ ನಂಬಿ ನಡೆಯುತ್ತವೆ.

ನಮ್ಮ ಪಶ್ಚಿಮ ಕರಾವಳಿಗೆ ಇದರ ಅರ್ಥವೇನೆಂದು ಯೋಚಿಸಬಹುದು. ನೈಋತ್ಯ ಮಾರುತದ ಕಾಲದಲ್ಲಿ ಆಳದ ತಣ್ಣನೆಯ, ಆಮ್ಲಜನಕ ವಿರಳವಾದ ನೀರು ಖಂಡದಂಚಿನ ಮೇಲಕ್ಕೆ ಏರಿ ಬರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ತಳದ ನೀರಿನಲ್ಲಿ ಆಮ್ಲಜನಕದ ಕೊರತೆ ತೀವ್ರ. ಮೀನುಗಾರಿಕೆಗೆ ನೇರ ಸಂಬಂಧವಿರುವ ಈ ವಿದ್ಯಮಾನವನ್ನು ಹಿಡಿಯಲು ಇಡುವ ದಾಖಲಕವನ್ನು ಮೇ ತಿಂಗಳಲ್ಲೇ ಇಳಿಸಬೇಕು, ಕಡಲು ತಿಳಿಯಾದ ಮೇಲೆ ಎತ್ತಬೇಕು. ನಡುವೆ ದೋಣಿ ಹೋಗುವಂತಿಲ್ಲ. ಐದು ತಿಂಗಳು ಬೇಕಾದಲ್ಲಿ ನಾಲ್ಕು ತಿಂಗಳಿಗೆ ಬ್ಯಾಟರಿ ಮುಗಿದರೆ ಉಳಿಯುವ ದಾಖಲೆ ಎಂಬತ್ತು ಪ್ರತಿಶತ. ಕಳೆದುಹೋಗುವುದು ನೋಡಬೇಕೆಂದಿದ್ದ ಸೆಪ್ಟೆಂಬರ್.

ಹಾಗಾದರೆ ಎರಡು ಪಟ್ಟು ಕೋಶಗಳನ್ನು ತುಂಬಿಬಿಡಿ ಎನ್ನುವವರಿದ್ದಾರೆ. ಅದೂ ಬಿಟ್ಟಿಯಲ್ಲ. ಕೋಶ ಹೆಚ್ಚಿದರೆ ಒತ್ತಡ ತಾಳುವ ಕೊಳವೆ ದೊಡ್ಡದಾಗಬೇಕು, ಅದನ್ನು ಎತ್ತಲು ತೇಲುಗೋಳಗಳು ಹೆಚ್ಚಬೇಕು. ಲಿಥಿಯಮ್ ಕೋಶಗಳನ್ನು ವಿಮಾನದಲ್ಲಿ ಸಾಗಿಸಲು ಕಟ್ಟುನಿಟ್ಟಿನ ನಿಯಮಗಳಿವೆ. ಕ್ಷಾರೀಯ ಕೋಶಗಳಲ್ಲಿ ಸತು ನಿಧಾನವಾಗಿ ಸವೆಯುತ್ತ ಹೈಡ್ರೊಜನ್ ಬಿಡುಗಡೆಯಾಗುತ್ತದೆ. ಗಾಳಿಯಾಡದ ಕೊಳವೆಯಲ್ಲಿ ಅದು ಸೇರಿಕೊಂಡರೆ ಸ್ಫೋಟದ ಅಪಾಯ. ಡಾರ್ಟ್-2ರ ವಿವರಣೆ ಈ ಅಪಾಯವನ್ನೂ ಗಂಭೀರವಾಗಿ ಎತ್ತಿಕೊಂಡಿದೆ ಎಂಬುದನ್ನು ಹೇಳಬೇಕು.

ಇನ್ನೊಂದು ದಾರಿ ಆರ್ಗೋ ಯೋಜನೆಯದು. 2000 ಮೀಟರ್ ಆಳದಿಂದ ಹತ್ತು ದಿನಕ್ಕೊಮ್ಮೆ ಮೇಲೇರಿ ಬಂದು ತಾಪ-ಲವಣತೆಯ ವಿವರ ಕಳುಹಿಸುವ ಈ ತೇಲುಮಾಪಕಗಳ ಸಂಖ್ಯೆ 2007ರ ನವೆಂಬರ್‌ನಲ್ಲಿ 3000 ಮುಟ್ಟಿತು. ಹಿಂದೂ ಮಹಾಸಾಗರದಲ್ಲಿ ಇವನ್ನು ಬಿಡುವ ಕೆಲಸದಲ್ಲಿ ಹೈದರಾಬಾದಿನ ಇನ್ಕಾಯ್ಸ್ (ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ) ಕೂಡ ಪಾಲುದಾರ. ಮೇಲೇರಲು ಮಾಪಕ ತನ್ನೊಳಗಿನ ಎಣ್ಣೆಯನ್ನು ಹೊರಚೀಲಕ್ಕೆ ತಳ್ಳಿ ಹಿಗ್ಗಬೇಕು. 2000 ಮೀಟರಿನಲ್ಲಿ ಒತ್ತಡ ಸುಮಾರು 2 ಕೋಟಿ ಪಾಸ್ಕಲ್. 250 ಘನ ಸೆಂಟಿಮೀಟರ್ ಎಣ್ಣೆ ತಳ್ಳಬೇಕೆಂದರೆ ಒತ್ತಡ ಮತ್ತು ಗಾತ್ರದ ಗುಣಲಬ್ಧ 5000 ಜೂಲ್. ಪಂಪಿನ ನಷ್ಟ ಸೇರಿದರೆ ಇದರ ಹಲವು ಪಟ್ಟು. 150 ಆವರ್ತ ಎಂದರೆ ನಾಲ್ಕು ವರ್ಷ. ಇಲ್ಲಿ ಮಾಪಕಗಳು ಸಾವಿರಾರು ಇರುವುದರಿಂದ, ಎಷ್ಟನೆಯ ಆವರ್ತದಲ್ಲಿ ಎಷ್ಟು ಪ್ರತಿಶತ ಬದುಕಿವೆ ಎಂದು, ಜೀವವಿಮಾ ಕಂಪನಿಯವರು ಜನರನ್ನು ಎಣಿಸುವಂತೆ, ಎಣಿಸಬಹುದು. ‘ನಾಲ್ಕು ವರ್ಷ’ ಎನ್ನುವುದಕ್ಕಿಂತ ‘ನಾಲ್ಕು ವರ್ಷದ ಬಳಿಕ ನೂರಕ್ಕೆ ಇಷ್ಟು’ ಎನ್ನುವುದು ಎಷ್ಟೋ ಹೆಚ್ಚು ಹೇಳುತ್ತದೆ. ಒಂದೇ ದಾಖಲಕ ಕೊಂಡು ಒಂದೇ ಬಾರಿ ಇಳಿಸುವ ಸಂಶೋಧಕನಿಗೆ ಈ ಸೌಲಭ್ಯವಿಲ್ಲ. ಆತ ತಯಾರಕರಿಂದ ಕೇಳಬೇಕಾದದ್ದು ಅಂಥ ಬದುಕುಳಿಕೆಯ ಪಟ್ಟಿಯನ್ನು, ಒಂಟಿ ಸಂಖ್ಯೆಯನ್ನಲ್ಲ.

ಮೇಲೆ ಬಂದ ಉಪಕರಣದ ಕೋಶಗಳನ್ನು ಎಸೆಯುವ ಮುನ್ನ ಎಷ್ಟು ಉಳಿದಿದೆ ಎಂದು ಅಳೆದಿಡುವುದು ಇನ್ನೊಂದು ಉಪಾಯ. ಕ್ಷಾರೀಯ ಕೋಶದ ವೋಲ್ಟೇಜ್ 1.5ರಿಂದ 0.9ರವರೆಗೆ ಇಳಿಜಾರಿನಂತೆ ಇಳಿಯುವುದರಿಂದ ಹೊರೆಯಿಟ್ಟು ವೋಲ್ಟೇಜ್ ನೋಡಿದರೆ ಸ್ಥೂಲ ಅಂದಾಜು ಸಿಗುತ್ತದೆ. ಲಿಥಿಯಮ್-ಥಯೊನಿಲ್ ಕೋಶದ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಸಮತಟ್ಟಾಗಿದ್ದು ಒಮ್ಮೆಲೇ ಬೀಳುತ್ತದೆ. ಅಲ್ಲಿ ವೋಲ್ಟೇಜ್ ಮಾಪಕ ಏನನ್ನೂ ಹೇಳದು, ಉಳಿದದ್ದನ್ನು ಪೂರ್ತಿ ಬರಿದು ಮಾಡಿಯೇ ಅಳೆಯಬೇಕು.

ಶಾಲೆಯಲ್ಲಿ ಮಾಡಿ ನೋಡಲು ಸಮುದ್ರ ಬೇಕಿಲ್ಲ. ಒಂದೇ ತಯಾರಿಕೆಯ ಮೂರು ‘ಎಎ’ ಕ್ಷಾರೀಯ ಕೋಶ, 10 ಓಮ್‌ನ ಎರಡು ರೋಧಕ, 100 ಓಮ್‌ನ ಒಂದು, ಒಂದು ಮಲ್ಟಿಮೀಟರ್ ಸಾಕು. ಮೊದಲ ಕೋಶಕ್ಕೆ 10 ಓಮ್, ಎರಡನೆಯದಕ್ಕೆ 100 ಓಮ್ ಜೋಡಿಸಿ ಕೋಣೆಯಲ್ಲಿಡಿ. ಮೂರನೆಯದಕ್ಕೆ 10 ಓಮ್ ಜೋಡಿಸಿ ಫ್ರಿಜ್ಜಿನಲ್ಲಿಡಿ. ತೆಳುತಂತಿಗಳನ್ನು ಬಾಗಿಲಿನ ರಬ್ಬರ್ ಪಟ್ಟಿಯ ಸಂದಿನಿಂದ ಹೊರಗೆಳೆದುಕೊಂಡರೆ ಬಾಗಿಲು ತೆರೆಯದೆ ಅಳೆಯಬಹುದು. 10 ಓಮ್‌ನವನ್ನು ಗಂಟೆಗೊಮ್ಮೆ, 100 ಓಮ್‌ನದನ್ನು ದಿನಕ್ಕೆ ಮೂರು ಬಾರಿ ಅಳೆದು ವೋಲ್ಟೇಜನ್ನು ರೋಧದಿಂದ ಭಾಗಿಸಿ ಪ್ರವಾಹವನ್ನು ಬರೆಯಿರಿ. ಮೊದಲನೆಯದು ಒಂದು ದಿನದೊಳಗೆ ಮುಗಿಯುತ್ತದೆ, ಎರಡನೆಯದು ವಾರದ ಮೇಲೆ ನಡೆಯುತ್ತದೆ. ಪ್ರವಾಹ-ಕಾಲ ನಕ್ಷೆ ಎಳೆದು ಚೌಕ ಎಣಿಸಿ ಕೆಳಗಿನ ವಿಸ್ತೀರ್ಣ ಕಂಡುಹಿಡಿಯಿರಿ, ಒಮ್ಮೆ 1.1 ವೋಲ್ಟ್‌ವರೆಗೆ, ಇನ್ನೊಮ್ಮೆ 0.9 ವೋಲ್ಟ್‌ವರೆಗೆ. ಒಂದೇ ಬಗೆಯ ಕೋಶಕ್ಕೆ ಆರು ಸಾಮರ್ಥ್ಯಗಳು ಪಟ್ಟಿಯಾಗುತ್ತವೆ. ಕೋಶದ ಮೇಲೆ ಮುದ್ರಿತವಾದ ತಯಾರಿಕೆಯ ಇಲ್ಲವೇ ಬಳಕೆ ಮುಗಿಯುವ ತಿಂಗಳನ್ನೂ ಪಟ್ಟಿಯ ತಲೆಗೆ ಬರೆದುಕೊಳ್ಳಿ; ಅಂಗಡಿಯ ಕಪಾಟಿನಲ್ಲಿ ಅದು ಕಳೆದ ಕಾಲವೂ ಈ ಲೆಕ್ಕದಲ್ಲಿ ಸೇರಿದೆ.